ಗುರುವಾರದ ತಗ್ಗು

ಕೈರೋ
೫ ಫೆಬ್ರವರಿ ೨೦೨೩, ಭಾನುವಾರ

ಮಾನ್ಯ ರಬಾಬಳ ತಾಯಿಯವರಿಗೆ,

ಸಲಾಮು. ನೀವು ನನ್ನನ್ನು ಕಂಡಿಲ್ಲ. ನನ್ನ ಹೆಸರು ದಲಾಲ್. ದೇಶಕ್ಕೆಲ್ಲ ವಿದ್ಯುತ್ ಹಂಚುವ ನಿಯಂತ್ರಣ ಕೇಂದ್ರದಲ್ಲಿ ಗಾಳಿ ಮತ್ತು ಬಿಸಿಲಿನ ಮುನ್ಸೂಚನೆ ನೋಡಿಕೊಳ್ಳುವ ಎಂಜಿನಿಯರ್ ನಾನು. ನಿಮ್ಮ ಯಜಮಾನರು ಮಿತ್ವಲ್ಲಿಯವರು ರಾಸ್ ಗಾರಿಬ್‌ನ ಗಾಳಿಯಂತ್ರಗಳ ಕಡೆಯಿಂದ ನಮಗೆ ಅಂಕಿ ಕಳಿಸುತ್ತಿದ್ದರು. ಅವರು ತೀರಿಕೊಂಡು ಈ ತಿಂಗಳಿಗೆ ವರ್ಷವಾಗುತ್ತದೆ. ದೇವರು ಅವರಿಗೆ ಶಾಂತಿ ಕೊಡಲಿ.

ವಿಷಯಕ್ಕೆ ಬರುತ್ತೇನೆ. ನಾಳೆ ಸಂಜೆ ಗಾಳಿಯಿಂದ ಎಷ್ಟು ವಿದ್ಯುತ್ ಸಿಗುತ್ತದೆಂದು ನಾವು ಇವತ್ತೇ ಹೇಳಬೇಕು. ಬಿಸಿಲಿನದು ಹೊತ್ತು ಮುಳುಗಿದರೆ ಮುಗಿಯಿತು, ಆಮೇಲೆ ಎಲ್ಲ ಗಾಳಿಯ ಕೈಯಲ್ಲಿ. ಆ ಅಂಕಿಯನ್ನು ನಂಬಿಯೇ ಯಾವ ಗ್ಯಾಸ್ ಘಟಕವನ್ನು ಬಿಸಿಯಾಗಿಟ್ಟುಕೊಳ್ಳಬೇಕು, ಯಾವುದನ್ನು ಆರಿಸಬೇಕು ಎಂದು ತೀರ್ಮಾನವಾಗುತ್ತದೆ. ಆರಿಸಿದ ಘಟಕ ಮತ್ತೆ ಎದ್ದು ನಿಲ್ಲಲು ಗಂಟೆಗಟ್ಟಲೆ ಬೇಕು. ಗಾಳಿಗೆ ಅಷ್ಟು ತಾಳ್ಮೆ ಇಲ್ಲ.

ಮಿತ್ವಲ್ಲಿಯವರು ಕಂಪ್ಯೂಟರ್ ಹೇಳಿದ ಅಂಕಿಯನ್ನು ದಿನವೂ ಕೈಯಿಂದ ತಿದ್ದುತ್ತಿದ್ದರು. ಆ ಕರಾವಳಿಯ ಗಾಳಿ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಹೊಸ ಪ್ರೋಗ್ರಾಂ ಬಂದಾಗ ಅವರ ವರ್ಷಗಟ್ಟಲೆಯ ತಿದ್ದುಪಡಿಗಳನ್ನೇ ಅದಕ್ಕೆ ಪಾಠವಾಗಿ ಕೊಟ್ಟರು. ಈಗ ಅವರಿಲ್ಲ. ಆದರೆ ಪ್ರೋಗ್ರಾಂ ಅವರ ಕೈಯಂತೆಯೇ ತಿದ್ದುತ್ತದೆ. ಪ್ರತಿ ಗುರುವಾರದ ಸಂಜೆಗೆ ಅದು ಗಾಳಿಯ ಅಂಕಿಯನ್ನು ಇಳಿಸಿಬಿಡುತ್ತದೆ. ಗಾಳಿ ಇಳಿಯುವುದಿಲ್ಲ, ಅಂಕಿ ಮಾತ್ರ ಇಳಿಯುತ್ತದೆ. ಪರದೆಯ ಮೇಲಿನ ಗೆರೆಯನ್ನು ಯಾರೋ ಅಂಗೈಯಿಂದ ಮೆಲ್ಲಗೆ ಒತ್ತಿದ ಹಾಗೆ ಕಾಣುತ್ತದೆ. ನಮ್ಮಲ್ಲಿ ಇದನ್ನು ಮಿತ್ವಲ್ಲಿಯ ತಗ್ಗು ಎಂದೇ ಕರೆಯುತ್ತಾರೆ.

ಗಾಳಿಗೆ ವಾರ ಗೊತ್ತಿಲ್ಲ. ಹಾಗಿದ್ದರೆ ಗುರುವಾರವೇ ಏಕೆ? ಮನೆಯಲ್ಲಿ ಎಂದಾದರೂ ಏನಾದರೂ ಹೇಳಿದ್ದರೆ ದಯವಿಟ್ಟು ತಿಳಿಸಿ. ನನ್ನ ಫೋನ್ ನಂಬರನ್ನು ಕೊನೆಯಲ್ಲಿ ಬರೆದಿದ್ದೇನೆ.

ಗೌರವದಿಂದ,
ದಲಾಲ್


ರಾಸ್ ಗಾರಿಬ್
೧೨ ಫೆಬ್ರವರಿ, ಭಾನುವಾರ

ಎಂಜಿನಿಯರಮ್ಮನವರಿಗೆ,

ಕಾಗದ ತಲುಪಿತು. ವರ್ಷವಿಡೀ ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ. ಈಗ ಬಂತೇ ನಿಮ್ಮ ಕಚೇರಿಗೆ ನೆನಪು? ಬಂದರೂ ಕೇಳುತ್ತಿರುವುದು ಏನು, ಸತ್ತವರ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂದು. ಇವರು ಇಪ್ಪತ್ತು ವರ್ಷ ಆ ಫ್ಯಾನುಗಳ ಕಾಲಡಿ ಮರಳು ತಿಂದವರು. ಅಂಕಿ ಇಳಿಸಿದ್ದರೆ ಇಳಿಸಬೇಕಾಗಿಯೇ ಇಳಿಸಿರುತ್ತಾರೆ. ಕಾರಣಗೀರಣ ನನಗೆ ಗೊತ್ತಿಲ್ಲ. ನಾನು ಅಡುಗೆ ಮಾಡುವವಳು, ಗಾಳಿ ಅಳೆಯುವವಳಲ್ಲ.

ನೀವು ಬರೆದ ಫೋನ್ ನಂಬರನ್ನು ಹರಿದು ಒಲೆಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವತ್ತು ಸುದ್ದಿ ಬಂದದ್ದು ಫೋನಿನಲ್ಲಿ. ಆಮೇಲೆ ನಾನು ಫೋನ್ ಎತ್ತಿಲ್ಲ. ಹೇಳುವುದಿದ್ದರೆ ಬರೆಯಿರಿ. ಕೈರೋ ಬಸ್ಸಿನ ಡ್ರೈವರ್ ಉಸ್ತಾದ್ ಖಲ್ಲಾಫ್ ನಮ್ಮ ಕಡೆಯವನೇ, ಅವನ ಕೈಯಲ್ಲಿ ಕೊಟ್ಟರೆ ಅಂಚೆಗಿಂತ ಬೇಗ ಬರುತ್ತದೆ. "ಏನತ್ತಿಗೆ, ಈ ವಯಸ್ಸಲ್ಲಿ ಯಾರಿಗೆ ಪ್ರೇಮಪತ್ರ?" ಎಂದು ಹಲ್ಲು ಕಿರಿಯುತ್ತಾನೆ. ಅವನ ಬಾಯಿಗೆ ಹೆದರಬೇಡಿ.

ಒಂದು ಮಾತು ಕೇಳಲೇ? ಆ ತಗ್ಗು ಎನ್ನುತ್ತೀರಲ್ಲ, ಅದು ಗುರುವಾರ ಯಾವ ಹೊತ್ತಿಗೆ ಬರುತ್ತದೆ? ಮೊನ್ನೆ ಗುರುವಾರವೂ ಬಂದಿತ್ತೇ?

ಇನ್ಸಾಫ್, ರಬಾಬಳ ತಾಯಿ


ಕೈರೋ
೧೯ ಫೆಬ್ರವರಿ, ಭಾನುವಾರ

ರಬಾಬಳ ಅಮ್ಮನಿಗೆ ಸಲಾಮು.

ನಾನು ತಪ್ಪು ಹುಡುಕಲು ಬರೆಯಲಿಲ್ಲ, ನನ್ನನ್ನು ನಂಬಿ. ಅವರ ಅಂಕಿಗಳನ್ನು ನೋಡುತ್ತಾ ನೋಡುತ್ತಾ ಅವರನ್ನು ನಾನು ಬಲ್ಲೆ ಎನಿಸಿಬಿಟ್ಟಿದೆ. ನೇರವಾಗಿ ಒಮ್ಮೆಯೂ ಮಾತಾಡಿದವಳಲ್ಲ. ಈ ಕುರ್ಚಿಗೆ ನಾನು ಬರುವ ಹೊತ್ತಿಗೆ ಅವರು ಇರಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಸೂರ್ಯ ಮುಳುಗಿ, ಮಗ್ರಿಬ್ ನಮಾಜು ಮುಗಿಯುವ ಹೊತ್ತಿಗೆ ಗೆರೆ ಇಳಿಯತೊಡಗುತ್ತದೆ. ಜನ ಮಲಗುವ ಹೊತ್ತಿಗೆ ಏರುತ್ತದೆ. ಹೌದು, ಮೊನ್ನೆಯೂ ಬಂದಿತ್ತು. ಅದರ ಹಿಂದಿನ ವಾರವೂ.

ಹಳೆಯದನ್ನೆಲ್ಲ ತೆಗೆದು ನೋಡಿದೆ. ವಿಚಿತ್ರವೆಂದರೆ ರಂಜಾನ್ ತಿಂಗಳಲ್ಲಿ ಆ ತಗ್ಗು ಪೂರ್ತಿ ಮಾಯ. ಹಬ್ಬ ಕಳೆದ ಮೊದಲ ಗುರುವಾರ ಮಾತ್ರ ಬಾವಿಯಷ್ಟು ಆಳ. ನಮ್ಮ ಮುಖ್ಯಸ್ಥ ಲಬೀಬ್ ಸಾಹೇಬರಿಗೆ ತೋರಿಸಿದರೆ ನಕ್ಕುಬಿಟ್ಟರು: "ಉಪವಾಸ ಇರೋ ತಿಂಗಳು ಮನುಷ್ಯ ಸುಳ್ಳು ಹೇಳ್ತಿರ್ಲಿಲ್ಲ ಅಷ್ಟೇ ಕಣಮ್ಮ. ಹಬ್ಬ ಮುಗಿದ ಮೇಲೆ ಬಾಕಿ ಸುಳ್ಳನ್ನೆಲ್ಲ ಒಟ್ಟಿಗೇ ತೀರಿಸ್ತಿದ್ದ." ನನಗೆ ನಗು ಬರಲಿಲ್ಲ.

ಇದು ಪ್ರೋಗ್ರಾಮಿನ ಕೆಲಸ, ಕಲಿತದ್ದನ್ನು ಒಪ್ಪಿಸುತ್ತದೆ, ಅಷ್ಟೇ. ಇದನ್ನು ನಾನು ಮೊದಲೇ ಇನ್ನಷ್ಟು ಬಿಡಿಸಿ ಹೇಳಬೇಕಿತ್ತೇನೋ.

ದಲಾಲ್


ರಾಸ್ ಗಾರಿಬ್
೫ ಮಾರ್ಚ್, ಭಾನುವಾರ

ದಲಾಲಮ್ಮ,

ಇದು ಅಂಶೀರ್ ತಿಂಗಳು, ಗಾಳಿಗೆ ಹುಚ್ಚು ಹಿಡಿಯುವ ತಿಂಗಳು. ಬಾಗಿಲು ಹಾಕಿದರೂ ಮರಳು ಅನ್ನದ ಪಾತ್ರೆಗೆ ಬಂದು ಕೂರುತ್ತದೆ. ಹೋದ ವರ್ಷ ಇದೇ ಗಾಳಿಯಲ್ಲಿ ಇವರು ಹೋದದ್ದು. ಗಾಳಿ ಅಳೆಯುವ ಕಂಬದ ತಂತಿ ಕಡಿದಿದೆ, ನೋಡಿಕೊಂಡು ಬಂದುಬಿಡುತ್ತೇನೆ ಎಂದರು. ಜೀಪು ಸಿಕ್ಕಿತು, ಇವರು ಸಿಗಲಿಲ್ಲ. ಎಷ್ಟೋ ದಿನದ ಮೇಲೆ ಸಿಕ್ಕರು ಎಂದು ಫೋನು ಬಂತು. ಮೈದುನ ಶಹಾತಾ ಹೋಗಿ ಗುರುತು ಹಿಡಿದ, ಅಲ್ಲಿಂದಲೇ ಊರಿಗೆ ಒಯ್ದು ಅವತ್ತೇ ಮಣ್ಣು ಮಾಡಿದರು. ನಾನು ಹೋಗಿ ಇಳಿಯುವಾಗ ಮಣ್ಣು ಒದ್ದೆಯಿತ್ತು. ಮುಖ ನೋಡಿದವಳು ನಾನಲ್ಲ.

ನಿಮಗೆ ಹೇಳಿದರೆ ನಗುತ್ತೀರಿ, ನಗಿರಿ. ನಿಮ್ಮ ಕಾಗದ ಬಂದ ಮೇಲೆ ಗುರುವಾರ ಸಂಜೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದೇನೆ. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ್ದು ಇವರಿಗೆ ಇಷ್ಟ. ಮಗ್ರಿಬ್ ಕೂಗು ಮುಗಿಯುತ್ತಲೇ ಕಂಪೌಂಡಿನ ಗೇಟು ಕಿರುಗುಟ್ಟುತ್ತದೆ. ಗಾಳಿಗೆ ಎಂದು ಮಗಳು ಹೇಳುತ್ತಾಳೆ. ಗಾಳಿ ವಾರವೆಲ್ಲ ಇದೆ, ಕಿರುಗುಟ್ಟುವುದು ಗುರುವಾರವೇ ಏಕೆ? ನೀವೇ ಬರೆದಿದ್ದೀರಲ್ಲ, ಗಾಳಿಗೆ ವಾರ ಗೊತ್ತಿಲ್ಲ ಎಂದು. ಪ್ರೋಗ್ರಾಂ ಪ್ರೋಗ್ರಾಂ ಎನ್ನುತ್ತೀರಿ. ಅಂಕಿ ಕಳಿಸುವುದು ಇವರ ಕೆಲಸ, ಅಂಕಿ ಬರುತ್ತಿದೆ. ನನಗೆ ಗೊತ್ತಿರುವುದು ಅಷ್ಟೇ.

ರಬಾಬಳ ಮದುವೆ ನಿಶ್ಚಯವಾಗಿದೆ. ಹಬ್ಬ ಕಳೆದ ಮೊದಲ ಗುರುವಾರ, ಶರ್ಕಿಯಾ ಸೀಮೆಯ ನಮ್ಮ ಊರಿನಲ್ಲಿ, ಕಾಲುವೆ ದಂಡೆಯ ಮನೆಯಲ್ಲಿ. ದೀಪ, ಶಾಮಿಯಾನ ಎಲ್ಲ ಶಹಾತಾನದೇ, ಅವನ ಕಸುಬೇ ಅದು. ನೀವು ಬರಬೇಕು. ಬರಲಾಗದಿದ್ದರೆ ಆ ಸಂಜೆ ನಿಮ್ಮ ಕುರ್ಚಿಯಲ್ಲೇ ಇರಿ. ಮದುವೆಯ ಹೆಣ್ಣಿನ ಅಪ್ಪ ಬಂದರೋ ಇಲ್ಲವೋ ಎಂದು ಒಬ್ಬರಾದರೂ ನೋಡಿ ಹೇಳಬೇಕಲ್ಲ.

ಇನ್ಸಾಫ್


ಕೈರೋ
೧೫ ಮಾರ್ಚ್, ಬುಧವಾರ

ರಬಾಬಳ ಅಮ್ಮನಿಗೆ,

ಮದುವೆಯ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ವಧುವರರಿಗೆ ಒಳ್ಳೆಯದಾಗಲಿ. ನನಗೆ ಅವತ್ತು ಡ್ಯೂಟಿ ಇದೆ, ಬರಲಾಗುವುದಿಲ್ಲ.

ನನ್ನ ಅಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದರು. ಆಮೇಲೆ, "ಆ ತಾಯಿಗೆ ನೀನು ಏನು ಹೇಳಿ ಕೂತಿದೀಯೆ ದಲಾಲ್?" ಎಂದು ಕೇಳಿದರು.

ದಯವಿಟ್ಟು ಆ ತಟ್ಟೆ ಇಡಬೇಡಿ.

ಕೆಲಸ ಜಾಸ್ತಿಯಿದೆ. ಬರೆಯುವುದು ತಡವಾದರೆ ಕ್ಷಮಿಸಿ.

ದಲಾಲ್


ರಾಸ್ ಗಾರಿಬ್
೩ ಏಪ್ರಿಲ್, ಸೋಮವಾರ

ದಲಾಲ್,

ಏನಮ್ಮ, ರಂಜಾನ್ ಉಪವಾಸ ಹೊಟ್ಟೆಗೋ ಕೈಗೋ? ಎರಡು ಸಲ ಖಲ್ಲಾಫನನ್ನು ಕೇಳಿದೆ, ಎರಡು ಸಲವೂ ಬರಿಗೈ. ಹೋದ ಕಾಗದವೂ ಸರ್ಕಾರಿ ನೋಟೀಸಿನ ಹಾಗಿತ್ತು. ನಾನು ಏನಾದರೂ ಅಂದು ನೋಯಿಸಿದೆನೇ? ನನ್ನ ನಾಲಿಗೆಗೆ ಮೂಳೆಯಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇನ್ನು ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ರಬಾಬಳಿಗಿಂತ ಎಷ್ಟು ದೊಡ್ಡವಳಿದ್ದೀಯ?

ಈ ತಿಂಗಳು ತಟ್ಟೆ ಇಡುತ್ತಿಲ್ಲ. ನೀನು ಬೇಡವೆಂದದ್ದಕ್ಕಲ್ಲ. ರಂಜಾನಿನಲ್ಲಿ ಇವರು ಬರುವುದಿಲ್ಲವೆಂದು ನೀನೇ ಬರೆದಿದ್ದೆ. ಬರುವುದಾದರೂ ಏಕೆ, ಈ ತಿಂಗಳಲ್ಲಿ ಯಾರ ಮನೆಯಲ್ಲಿ ಮದುವೆ ಇರುತ್ತದೆ? ಗೇಟು ಕೂಡ ಸುಮ್ಮನಿದೆ.

ಹಬ್ಬಕ್ಕೆ ಸಕ್ಕರೆಪುಡಿ ಉದುರಿಸಿದ ಕಹಕ್ ಬಿಸ್ಕತ್ತು ಮಾಡಿ ಕಳಿಸುತ್ತೇನೆ. ಅಮ್ಮನಿಗೂ ಕೊಡು.

ಇನ್ಸಾಫ್


ಕೈರೋ
೧೮ ಏಪ್ರಿಲ್, ಮಂಗಳವಾರ

ಪ್ರೀತಿಯ ರಬಾಬಳ ಅಮ್ಮನಿಗೆ,

ಹಬ್ಬದ ಶುಭಾಶಯ. ಇದನ್ನು ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ.

ನಾನು ಮೊದಲ ದಿನವೇ ಹೇಳದೆ ಉಳಿಸಿಕೊಂಡ ಒಂದು ವಿಷಯವಿದೆ. ಆ ತಗ್ಗನ್ನು ತೆಗೆದುಹಾಕಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ನಿಮಗೆ ಕಾಗದ ಬರೆದದ್ದೇ ಅದಕ್ಕೆ. ಕಾರಣ ಸಿಕ್ಕರೆ ಉಳಿಸಿಕೊಳ್ಳೋಣ, ಇಲ್ಲದಿದ್ದರೆ ಅಳಿಸೋಣ ಎಂದು ಲಬೀಬ್ ಸಾಹೇಬರು ಗಡುವು ಕೊಟ್ಟಿದ್ದರು. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಗಾಳಿ ಧಾರಾಳವಾಗಿ ಬೀಸುವಾಗ ಕಡಿಮೆ ಬೀಸುತ್ತದೆ ಎಂದು ಹೇಳಿ, ಪ್ರತಿ ಗುರುವಾರ ಒಂದು ಗ್ಯಾಸ್ ಘಟಕವನ್ನು ವೃಥಾ ಉರಿಸುತ್ತಿದ್ದೇವೆ. ಹಾಗಿದ್ದರೆ ಇಷ್ಟೆಲ್ಲ ಫ್ಯಾನು ನೆಟ್ಟದ್ದಾದರೂ ಯಾಕೆ ಎಂದು ಕೇಳುತ್ತಾರೆ.

ಇನ್ನು ಮೇಲೆ ಗುರುವಾರದ ತಗ್ಗು ಕಾಣದೆ ಇರಬಹುದು. ನಿಮ್ಮನ್ನು ಕೈಮುಗಿದು ಕೇಳುತ್ತೇನೆ, ಅದನ್ನು ಇನ್ನೊಂದು ಸಾವು ಎಂದುಕೊಳ್ಳಬೇಡಿ. ಅದು ಅವರಾಗಿರಲಿಲ್ಲ.

ನಿಮ್ಮ ಮಗಳಂತೆ,
ದಲಾಲ್


ರಾಸ್ ಗಾರಿಬ್
೨೨ ಏಪ್ರಿಲ್, ಶನಿವಾರ, ಹಬ್ಬದ ಎರಡನೇ ದಿನ

ದಲಾಲ್, ಮಗಳೇ,

ಅಳಿಸಬೇಡ. ಅಳಿಸಬೇಡ. ಕೈಮುಗಿಯುವುದು ನೀನಲ್ಲ, ನಾನು.

ಕಾರಣ ಗೊತ್ತಿಲ್ಲ ಎಂದದ್ದು ಸುಳ್ಳು. ಎಲ್ಲ ಗೊತ್ತಿತ್ತು. ಹೇಳಿದರೆ ಸತ್ತವರ ಹೆಸರಿಗೆ ಮಸಿ, ಶಹಾತಾನ ಕಸುಬಿಗೆ ಕಲ್ಲು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಈಗ ಕೇಳು.

ಗುರುವಾರ ಏನೆಂದು ಈ ದೇಶದಲ್ಲಿ ಹುಟ್ಟಿದ ನಿನಗೆ ನಾನು ಹೇಳಬೇಕೇ? ಮದುವೆಯ ದಿನ. ನೀಲನದಿಯ ಬಯಲಿನ ಒಂದೊಂದು ಹಳ್ಳಿಯಲ್ಲೂ ಬೀದಿಗೆ ಬೀದಿ ದೀಪದ ಸರ. ಆ ದೀಪಕ್ಕೆ ಕರೆಂಟು ಎಲ್ಲಿಂದ? ಮನೆಯ ಮೀಟರಿನಿಂದ ಯಾವ ಹುಚ್ಚ ತೆಗೆದುಕೊಳ್ಳುತ್ತಾನೆ? ಬೀದಿಕಂಬಕ್ಕೆ ಕೊಕ್ಕೆ. ನಮ್ಮ ಶಹಾತಾನೂ ಹಾಗೆಯೇ, ಅವನ ಊರಿನವರೂ ಹಾಗೆಯೇ. ಕದಿಯುವುದೆಂದು ಯಾರಿಗೂ ಅನಿಸುವುದೇ ಇಲ್ಲ, ಮದುವೆಯಲ್ಲವೇ. ಮೀಟರಿಗೆ ಬೀಳದ ಆ ಕರೆಂಟನ್ನು ನಿಮ್ಮವರು ಕಾಗದದಲ್ಲಿ ನಷ್ಟ ಎಂದು ಬರೆದು ವಾರದ ಏಳು ದಿನಕ್ಕೂ ಸಮನಾಗಿ ಹಂಚಿಬಿಡುತ್ತಾರಂತೆ. ಹಾಗಾಗಿ ಕಾಗದದಲ್ಲಿ ಗುರುವಾರವೂ ಸೋಮವಾರದ ಹಾಗೆಯೇ. ಊರಿನಲ್ಲಿ ಹಾಗಲ್ಲ.

ಹಿಂದೊಮ್ಮೆ, ಹಬ್ಬ ಕಳೆದ ಗುರುವಾರ, ನಮ್ಮೂರಿನಲ್ಲಿ ಮದುವೆ. ಹೊತ್ತು ಮುಳುಗಿತು, ಎಲ್ಲ ಕಡೆ ದೀಪ ಹತ್ತಿತು, ಕರೆಂಟು ಸಾಲದೆ ನಮ್ಮ ಸೀಮೆಯನ್ನೇ ಕತ್ತರಿಸಿದರು. ಹೆಣ್ಣನ್ನು ಕರೆತರುವ ಕಾರು ಕಾಲುವೆ ದಂಡೆಯ ಮೇಲಿತ್ತು. ದೀಪವಿಲ್ಲ, ತಿರುವು ಕಾಣಲಿಲ್ಲ, ಕಾರು ನೀರಿಗೆ ಬಿತ್ತು. ಹೆಣ್ಣನ್ನು ಎಳೆದರು. ಅವಳ ಪುಟ್ಟ ತಂಗಿ ಸಿಗಲಿಲ್ಲ. ಶಹಾತಾ ತನ್ನ ಶಾಮಿಯಾನದ ಗಳದಿಂದ ನೀರು ತಡಕುತ್ತಿದ್ದನಂತೆ.

ಇವರು ಅವತ್ತು ಡ್ಯೂಟಿಯಲ್ಲಿದ್ದರು. ಗಾಳಿ ಇವರು ಹೇಳಿದಷ್ಟೇ ಬೀಸಿತ್ತು. ಮನೆಗೆ ಬಂದು ಗೋಡೆಗೆ ಒರಗಿ ಕೂತು ಹೇಳಿದ್ದು ಇಷ್ಟು: "ನನ್ನ ಅಂಕಿ ಸರಿಯಿತ್ತು ಇನ್ಸಾಫ್. ಸರಿಯಿದ್ದೂ ಮಗು ಹೋಯ್ತು."

ಮೇಲಿನವರಿಗೆ ಹೇಳಿದರು. ಗುರುವಾರದ ಕಳ್ಳದೀಪವನ್ನು ಲೆಕ್ಕಕ್ಕೆ ಹಿಡಿಯಿರಿ ಎಂದರು. ಕಳ್ಳತನ ಇದೆ ಎಂದು ನಾವೇ ಬರೆದುಕೊಡಬೇಕೇ ಎಂದು ಅವರು ನಕ್ಕರು. ಖರ್ಚಿನ ಕಡೆ ಬರೆಯಲು ಬಿಡಲಿಲ್ಲ, ಇವರು ಜಮೆಯ ಕಡೆ ಗಾಳಿಯನ್ನು ಕಡಿಮೆ ಮಾಡಿದರು. ಬುಧವಾರ ಶಹಾತಾನಿಗೆ ಫೋನ್ ಮಾಡಿ, "ಎಷ್ಟು ಮದುವೆ ಇದೆಯೋ ನಾಳೆ?" ಎಂದು ಕೇಳುವುದು, ಅವನು ಹೇಳಿದಷ್ಟಕ್ಕೆ ಗಾಳಿಯನ್ನು ಇಳಿಸುವುದು. ಗಾಳಿ ಕಡಿಮೆ ಎಂದರೆ ನೀವು ಒಂದು ಒಲೆ ಹೆಚ್ಚಿಗೆ ಹಚ್ಚಿಡುತ್ತೀರಿ. ಅದು ದೀಪಕ್ಕೆ ಒದಗುತ್ತದೆ. ಎಷ್ಟೋ ಗುರುವಾರ ಆ ಒಲೆ ವ್ಯರ್ಥವಾಗಿ ಉರಿಯಿತು ಎಂದು ಇವರಿಗೂ ಗೊತ್ತಿತ್ತು.

ಬರುವ ಗುರುವಾರ ಅದೇ ಊರು, ಅದೇ ದಂಡೆ, ಅದೇ ತಿರುವು. ಕಾರಿನಲ್ಲಿ ಕೂರುವವಳು ನನ್ನ ರಬಾಬ್.

ನಿನಗೆ ಫೋನ್ ಮಾಡಲು ಮಗಳ ಮೊಬೈಲ್ ಕೈಗೆತ್ತಿಕೊಂಡೆ, ವರ್ಷದ ಮೇಲೆ ಮೊದಲ ಸಲ. ನಂಬರನ್ನು ಒಲೆಗೆ ಹಾಕಿದವಳು ನಾನೇ. ನಿನ್ನ ಕಚೇರಿಯ ಫೋನಿಗೆ ಹಬ್ಬದ ರಜೆ. ಖಲ್ಲಾಫ್ ಹಬ್ಬಕ್ಕೆ ಊರಿಗೆ ಹೋದವನು ಇನ್ನೂ ಬಂದಿಲ್ಲ. ಬಂದ ಕೂಡಲೇ ಕೊಡುವಂತೆ ಅವನ ಮನೆಯಲ್ಲಿ ಇದನ್ನು ಇಟ್ಟು ನಾನು ಊರಿಗೆ ಹೊರಡುತ್ತಿದ್ದೇನೆ. ದೇವರೇ, ಹೊತ್ತಿಗೆ ಮುಂಚೆ ತಲುಪಲಿ.

ಇನ್ಸಾಫ್


ಊರಿನಿಂದ
೩೦ ಏಪ್ರಿಲ್, ಭಾನುವಾರ

ಮಗಳೇ ದಲಾಲ್,

ಮದುವೆ ಆಯಿತು. ದೇವರು ದೊಡ್ಡವನು.

ಏನೇನು ಹೇಳಲಿ? ಹೊತ್ತು ಮುಳುಗುವಾಗ ನಾನು ದಂಡೆಯ ತಿರುವಿನಲ್ಲೇ ಹೋಗಿ ನಿಂತಿದ್ದೆ. ಹೆಣ್ಣಿನ ತಾಯಿ ಮನೆ ಬಿಟ್ಟು ಹೀಗೆ ಬೀದಿಯಲ್ಲಿ ನಿಲ್ಲುವುದುಂಟೇ ಎಂದು ಹೆಂಗಸರೆಲ್ಲ ಬೈದರು. ಬೈಯಲಿ. ಆ ದಡದಿಂದ ಈ ದಡದವರೆಗೆ ಹಸಿರು, ಕೆಂಪು, ಹಳದಿ. ಎಲ್ಲಿ ನೋಡಿದರೂ ಮದುವೆ. ಇಷ್ಟೊಂದು ದೀಪ ನೋಡಿ ಇಷ್ಟು ಹೆದರಿದವಳು ಇಡೀ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ರಬಾಬಳ ಕಾರು ತಿರುವಿಗೆ ಬರುವಾಗ ದೀಪಗಳೆಲ್ಲ ಒಮ್ಮೆಲೇ ಮಂಕಾದವು. ಕೆಂಡದಷ್ಟೇ ಉಳಿದವು. ಡೋಲಿನವನೂ ಕೈ ನಿಲ್ಲಿಸಿದ. ಹಿಂದೆ ಕಾಲುವೆಯಲ್ಲಿ ಹೋದ ಆ ಪುಟ್ಟ ಹುಡುಗಿಯ ತಾಯಿ ನನ್ನ ಪಕ್ಕದಲ್ಲೇ ಇದ್ದಳು, ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದುಕೊಂಡಳು. ಇಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ದೀಪ ಮೆಲ್ಲಗೆ ಏರಿತು. ಏರಿ ನಿಂತಿತು. ಕಾರು ದಾಟಿತು.

ಇವರು ಬಂದಿದ್ದರು ದಲಾಲ್. ಮಗಳ ಮದುವೆಗೆ ಅಪ್ಪ ಬರದೆ ಇರುತ್ತಾರೆಯೇ? ಅವರದೇ ಕೈ ಅದು. ನೀನು ಅಳಿಸಲಿಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಮನೆಗೆ ಹೋಗಿ ಅವರ ಕುರ್ಚಿಯ ಮುಂದೆ ಮದುವೆಯ ಊಟ ಬಡಿಸಿಟ್ಟೆ. ನೆಂಟರು ಮುಖ ಮುಖ ನೋಡಿಕೊಂಡರು.

ಅವತ್ತು ಪರದೆಯಲ್ಲಿ ತಗ್ಗು ಎಷ್ಟು ಆಳ ಇತ್ತು? ನೋಡಿದವಳು ನೀನೊಬ್ಬಳೇ. ಬರೆದು ಕಳಿಸು.

ಇನ್ಸಾಫ್


ಕೈರೋ
೭ ಮೇ, ಭಾನುವಾರ

ಅಮ್ಮ,

ಸುಮ್ಮನಿದ್ದುಬಿಟ್ಟರೆ ನಿಮಗೆ ನೆಮ್ಮದಿ. ನನಗೂ ಸುಲಭ. ಸುಮ್ಮನಿರಲು ವಾರವೆಲ್ಲ ಪ್ರಯತ್ನ ಮಾಡಿದೆ.

ಅದು ಅವರಲ್ಲ. ನಾನು ನಿಮಗೆ ತಗ್ಗು "ಕಾಣದೆ ಇರಬಹುದು" ಎಂದು ಬರೆಯುವ ಮುಂಚೆಯೇ, ಅದರ ಹಿಂದಿನ ಭಾನುವಾರವೇ, ಅದನ್ನು ಅಳಿಸಿ ಮುಗಿಸಿದ್ದೆ. ರಂಜಾನ್ ತಿಂಗಳಲ್ಲಿ ಹೇಗೂ ತಗ್ಗು ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಬೇಕೆಂದೇ ಆ ದಿನಗಳನ್ನು ಆರಿಸಿಕೊಂಡೆ. ಅಳಿಸುವಾಗ ಪ್ರೋಗ್ರಾಂ ಕೇಳುತ್ತದೆ, ಖಚಿತವೇ ಎಂದು. ಹೌದು ಎಂದು ಒತ್ತಿದೆ. ಅವರ ಹತ್ತು ವರ್ಷದ ಗುರುವಾರಗಳು ಹೋದವು.

ನಿಮ್ಮ ಕಾಗದವನ್ನು ಖಲ್ಲಾಫ್ ತಂದುಕೊಟ್ಟದ್ದು ಮದುವೆಯ ದಿನವೇ, ಮಧ್ಯಾಹ್ನದ ನಮಾಜಿನ ಹೊತ್ತಿಗೆ. ಗೇಟಿನ ಹತ್ತಿರ ನಿಂತೇ ಓದಿದೆ. ಮೇಲೆ ಬಂದು ಪರದೆ ನೋಡಿದರೆ ಸಂಜೆಯ ಗೆರೆ ನೆಟ್ಟಗೆ, ನುಣ್ಣಗೆ ಇತ್ತು. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಹಿಂದಿನ ದಿನ ಕೊಟ್ಟ ಅಂಕಿಯನ್ನು ಮಧ್ಯಾಹ್ನ ಒಮ್ಮೆ ತಿದ್ದಲು ಅವಕಾಶವಿದೆ, ಅದಕ್ಕೆ ಇನ್ನೂ ಸಮಯವಿತ್ತು. ಗಾಳಿಯ ಅಂಕಿಯನ್ನು ನನ್ನ ಕೈಯಿಂದ ಇಳಿಸಿ, ಕೆಳಗೆ ನನ್ನ ಹೆಸರು ಹಾಕಿದೆ. ಎಷ್ಟು ಇಳಿಸಬೇಕೆಂದು ಗೊತ್ತಿರಲಿಲ್ಲ. ಕೇಳಲು ನನಗೆ ಶಹಾತಾ ಇರಲಿಲ್ಲ. ಹೆದರಿಕೆ ಎಷ್ಟಿತ್ತೋ ಅಷ್ಟು ಇಳಿಸಿದೆ.

ಲಬೀಬ್ ಸಾಹೇಬರು ಓಡಿ ಬಂದರು.

"ಯಾವ ಆಧಾರದ ಮೇಲೆ ಇಳಿಸಿದೆ ಇದನ್ನ?"

"ಮದುವೆ ಇದೆ ಸರ್."

"ಯಾರದು?"

"ಎಲ್ಲರದೂ."

ಅವರು ನನ್ನ ಮುಖವನ್ನೇ ನೋಡಿದರು. ಕದ್ದ ದೀಪದ ವಿಷಯ ಅವರಿಗೆ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ. ಗೊತ್ತಿತ್ತು ಎಂದು ಆಗ ಅನಿಸಿತು. ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ತಿದ್ದುಪಡಿ ಹಾಗೆಯೇ ಉಳಿಯಿತು, ಆರಿಸಿದ್ದ ಘಟಕಕ್ಕೆ ಬೆಂಕಿ ಹಚ್ಚಿದರು.

ಸಂಜೆ ಗಾಳಿ ಚೆನ್ನಾಗಿ ಬೀಸಿತು. ನಾನು ಬರೆದಷ್ಟು ಇಳಿಯಲೇ ಇಲ್ಲ. ಆದರೆ ಬೇಡಿಕೆ ಏರತೊಡಗಿತು, ಏರಿತು, ಮತ್ತೂ ಏರಿತು. ನಿಮ್ಮ ದೀಪ ಮಂಕಾದ ಕ್ಷಣ ನನಗೆ ಗೊತ್ತು. ಬೇಡಿಕೆಗೆ ವಿದ್ಯುತ್ ಸಾಲುತ್ತಿದೆಯೇ ಎಂದು ತೋರಿಸುವ ನಮ್ಮ ಗೋಡೆಯ ಮೇಲಿನ ಮುಳ್ಳು ಕೆಳಗೆ ಜಾರಿತು, ಇಡೀ ಕೋಣೆ ಎದ್ದು ನಿಂತಿತು. ನಿಮ್ಮ ಸೀಮೆಯನ್ನು ಕತ್ತರಿಸುವ ಗುಂಡಿಯ ಮೇಲೆ ಒಬ್ಬರು ಬೆರಳಿಟ್ಟಿದ್ದರು. ಅಷ್ಟರಲ್ಲಿ ಆ ಘಟಕ ಹೊರೆಗೆ ಹೆಗಲು ಕೊಟ್ಟಿತು. ಮುಳ್ಳು ಮೇಲೆ ಬಂತು. ನೀವು ದಂಡೆಯಲ್ಲಿ ಉಸಿರು ಬಿಗಿಹಿಡಿದಾಗ ನಾನೂ ಇಲ್ಲಿ ಬಿಗಿಹಿಡಿದಿದ್ದೆ.

ಕಡತದ ಪ್ರಕಾರ ಅವತ್ತಿನ ನನ್ನ ಅಂಕಿ ತಪ್ಪು. ಮೆಮೊ ಕೊಟ್ಟಿದ್ದಾರೆ. ಮಿತ್ವಲ್ಲಿಯವರ ಅಂಕಿ ಸರಿಯಿದ್ದೂ ಮಗು ಹೋಯಿತು. ನನ್ನದು ತಪ್ಪಿದ್ದರಿಂದ ದೀಪ ಉಳಿಯಿತು. ಮೊನ್ನೆ ಗುರುವಾರವೂ ಇಳಿಸಿದೆ. ಏನೂ ಆಗಲಿಲ್ಲ, ಗ್ಯಾಸು ಸುಮ್ಮನೆ ಉರಿಯಿತು. ಇನ್ನೊಂದು ಮೆಮೊ ಬರುತ್ತದೆ.

ಆ ಕೈ ನನ್ನದು, ಅಮ್ಮ. ಅವರು ಇಲ್ಲ. ಇದ್ದಷ್ಟನ್ನೂ ನಾನು ಅಳಿಸಿದ್ದೆ. ಬೈಯಿರಿ, ಬರೆಯುವುದನ್ನೇ ಬಿಟ್ಟುಬಿಡಿ, ಅದಕ್ಕೆಲ್ಲ ನಾನು ಅರ್ಹಳೇ. ನಿಮ್ಮನ್ನು ಸುಳ್ಳಿನ ಮುಂದೆ ತಟ್ಟೆ ಇಟ್ಟುಕೊಂಡು ಕೂರಿಸಲು ಮಾತ್ರ ನನ್ನಿಂದ ಆಗಲಿಲ್ಲ.

ದಲಾಲ್


ರಾಸ್ ಗಾರಿಬ್
೧೮ ಮೇ, ಗುರುವಾರ ಬೆಳಿಗ್ಗೆ

ಮಗಳೇ,

ನಿನ್ನ ಕಾಗದ ಓದಿ ನಿನ್ನನ್ನು ಶಪಿಸಿದೆ. ಸುಳ್ಳು ಯಾಕೆ ಹೇಳಲಿ, ಬಾಯ್ತುಂಬ ಶಪಿಸಿದೆ. ಖಲ್ಲಾಫ್ ಉತ್ತರ ಕೇಳಿದಾಗಲೆಲ್ಲ ಅವನ ಮೇಲೂ ಹಾರಿಬಿದ್ದೆ.

ಆಮೇಲೆ ಊರಿಗೆ ಹೋದೆ. ವರ್ಷದಿಂದ ಶಹಾತಾನನ್ನು ಕೇಳದೆ ಬಿಟ್ಟದ್ದನ್ನು ಕೇಳಿದೆ. ಶಾಮಿಯಾನದ ಬಟ್ಟೆ ಮಡಿಸುತ್ತಿದ್ದವನು ಅದನ್ನು ಕೆಳಗಿಟ್ಟ. "ಮುಖ ನೋಡಿದ್ದೆ ಅತ್ತಿಗೆ. ಅವನೇ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ," ಎಂದ. ಇಬ್ಬರೂ ಗೋರಿಯ ಹತ್ತಿರ ಹೋದೆವು. ಈ ಸಲ ಮಣ್ಣು ಒಣಗಿತ್ತು. ಅಲ್ಲಿ ಕೂತು ಅತ್ತೆ. ಅವತ್ತು ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತೆ.

ಹೋದ ಗುರುವಾರ ಅಭ್ಯಾಸಬಲದಿಂದ ತಟ್ಟೆ ಇಟ್ಟೆ. ಗೇಟು ಕಿರುಗುಟ್ಟಿತು. ಎದ್ದು ಹೋಗಿ ಅದಕ್ಕೆ ಎಣ್ಣೆ ಬಿಟ್ಟು ಬಂದೆ. ಎಲೆಸುರುಳಿ ಆರುವ ಮೊದಲೇ ಕೂತು ನಾನೇ ತಿಂದೆ. ಉಪ್ಪು ಹೆಚ್ಚಾಗಿತ್ತು. ಇಷ್ಟು ವಾರ ಅವರಿಗೆ ಇದನ್ನೇ ಬಡಿಸಿದೆನಲ್ಲ ಎಂದು ಒಬ್ಬಳೇ ನಕ್ಕೆ, ನಗುತ್ತ ಮತ್ತೆ ಅತ್ತೆ.

ಇವತ್ತು ಉಪ್ಪು ಸರಿಯಿದೆ. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಖಲ್ಲಾಫನ ಕೈಗೆ ಕೊಟ್ಟಿದ್ದೇನೆ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ನಿನ್ನ ಗೇಟಿಗೆ ತಲುಪಿಸುತ್ತಾನೆ. ಗುರುವಾರ ಸಂಜೆ ಆ ಕೆಲಸ ಮಾಡುವವರು ಹಸಿದಿರಬಾರದು. ತಿಂದು, ಡಬ್ಬಿ ತೊಳೆದು ಕಳಿಸು. ರಬಾಬಳ ಅಪ್ಪ ಒಂದು ದಿನವೂ ತೊಳೆದು ತಂದವರಲ್ಲ.

ಮೆಮೊ ಕೊಟ್ಟರೆ ಕೊಡಲಿ, ಇಟ್ಟುಕೋ. ಶಹಾತಾ ಹೇಳಿಕಳಿಸಿದ್ದಾನೆ, ಇವತ್ತು ನಮ್ಮ ಕಡೆ ಮದುವೆ ಬಹಳವಂತೆ. ಗಾಳಿಯನ್ನು ಸ್ವಲ್ಪ ಕಡಿಮೆ ಬರೆ.

ಆದರೆ ಮದುವೆಯ ಲೆಕ್ಕ ಹೀಗೆ ಬಸ್ಸಿನಲ್ಲಿ ಬಂದರೆ ಒಂದಲ್ಲ ಒಂದು ದಿನ ತಡವಾಗುತ್ತದೆ. ಇನ್ನು ಬುಧವಾರ ಬುಧವಾರ ನಾನೇ ಅವನನ್ನು ಕೇಳಿ ನಿನಗೆ ಹೇಳುತ್ತೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ, ನಿನ್ನ ಫೋನ್ ನಂಬರ್ ಬರೆದು ಡಬ್ಬಿಯಲ್ಲಿಟ್ಟು ಕಳಿಸು. ಈ ಸಲ ಒಲೆಗೆ ಹಾಕುವುದಿಲ್ಲ.

ನಿನ್ನ ಅಮ್ಮ,
ಇನ್ಸಾಫ್